ಶಾಂತವೇರಿ ಗೋಪಾಲಗೌಡರು

ಪಕ್ಷದ ಸಂಖ್ಯಾಬಲ ಅಲ್ಪವಾಗಿದ್ದರೂ ನ್ಯಾಯದ ಬಲದಿಂದ ನಾಡಿನ ಗೌರವವನ್ನು ಗಳಿಸಿದ ಧೀಮಂತರು ಶಾಂತವೇರಿ ಗೋಪಾಲಗೌಡರು. 1923ರ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಬಡ ಕುಟುಂಬವೊಂದರಲ್ಲಿ ಜನಿಸಿದ ಇವರು 1942ರ ಚಳವಳಿಯಲ್ಲಿ ಸೆರೆಮನೆವಾಸವನ್ನು ಅನುಭವಿಸಿದರು. ಮುಂದೆ ರಾಮಮನೋಹರ ಲೋಹಿಯಾ ಅವರ ವಿಚಾರಗಳನ್ನು ಮೆಚ್ಚಿ ಸಮಾಜವಾದಿ ಪಕ್ಷದಲ್ಲಿ ದುಡಿದರು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ಭತ್ತವನ್ನು ನಿಗದಿಗಿಂತ ದೊಡ್ಡದಾದ ಕೊಳಗದಿಂದ ಅಳೆದುಕೊಳ್ಳಲಾಗುತ್ತಿತ್ತು. ಎಚ್. ಗಣಪತಿಯಪ್ಪನವರು ನೊಂದ ಗೇಣಿದಾರರನ್ನು ಸಂಘಟಿಸಿದರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ರೈತರು ಗದ್ದೆಗಿಳಿದು ಬಂಧನಕ್ಕೊಳಗಾದರು. ಗೋಪಾಲಗೌಡರು ಅವರ ಮುಂದಾಳಾಗಿ ನಿಂತರು. ಲೋಹಿಯಾ ಅವರೂ ಕಾಗೋಡಿಗೆ ಬಂದು ಬಂಧಿತರಾದರು.

1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದ ಮತದಾರರು ಗೋಪಾಲಗೌಡರನ್ನು ಬೆಂಗಳೂರಿನ ವಿಧಾನಸಭೆಗೆ ಕಳುಹಿಸಿದರು. 99 ಸದಸ್ಯರ ಆ ಸಭೆಯಲ್ಲಿ ಸಮಾಜವಾದಿಗಳು ಬೆರಳೆಣಿಕೆಯಷ್ಟು ಮಂದಿ. ಆದರೂ ಉಳುವವನಿಗೇ ಭೂಮಿ ಸಲ್ಲಬೇಕೆಂದು ಅವರು ನಿರ್ಭೀತಿಯಿಂದ ವಾದಿಸಿದರು. 1962 ಮತ್ತು 1967ರಲ್ಲಿಯೂ ಆಯ್ಕೆಯಾದ ಅವರು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿರಬೇಕೆಂದು ಒತ್ತಾಯಿಸಿದರು.

1972ರ ಜೂನ್ 9ರಂದು, ತಮ್ಮ 49ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. 1973ರಲ್ಲಿ ರಾಜ್ಯವು ಕರ್ನಾಟಕವಾಯಿತು. 1974ರಲ್ಲಿ ಗೇಣಿಪದ್ಧತಿ ರದ್ದಾಯಿತು. ಬಿತ್ತಿದವರು ಬೆಳೆಯನ್ನು ಕಾಣಲಿಲ್ಲ. ಆದರೆ ಬೆಳೆ ನಾಡಿಗೆ ದಕ್ಕಿತು. ವಿಧಾನಸೌಧದ ಸಮೀಪದ ವೃತ್ತವೊಂದು ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.