ಹಿಪ್ಪರಗಾದ ಗುರುಗಳು: ಸ್ವಾಮಿ ರಾಮಾನಂದ ತೀರ್ಥ

ಸ್ವಂತ ಕಾಲ ಮೇಲೆ ನಿಲ್ಲುವ ಆಶ್ರಮವೊಂದನ್ನು ಕಟ್ಟಹೊರಟವರು ಮೊದಲು ಜಾಗ ಹುಡುಕುತ್ತಾರೆ. ನೀರು, ಮಣ್ಣು, ಹೋಗಿಬರಲು ದಾರಿ ಇವೆಯೇ ಎಂದು ನೋಡುತ್ತಾರೆ. ಗಾಂಧೀಜಿಯವರು 1904ರಲ್ಲಿ ದಕ್ಷಿಣ ಆಫ್ರಿಕದ ಫೀನಿಕ್ಸ್‌ನಲ್ಲಿ ನೆಲ ಕೊಂಡಾಗಲೂ ಒರತೆಯ ನೀರನ್ನೂ ಹಣ್ಣಿನ ಮರಗಳನ್ನೂ ಹತ್ತಿರದ ರೈಲುದಾರಿಯನ್ನೂ ಗಮನಿಸಿದ್ದರು. ಆದರೆ ಜಾಗದ ಪ್ರಶ್ನೆ ಅಷ್ಟಕ್ಕೆ ಮುಗಿಯುವುದಿಲ್ಲ. ಯಾವ ಆಳ್ವಿಕೆಯಲ್ಲಿ ನಿಲ್ಲಬೇಕು, ಯಾವ ಜನರ ನಡುವೆ ಬಾಳಬೇಕು ಎಂಬುದನ್ನೂ ತೀರ್ಮಾನಿಸಬೇಕಾಗುತ್ತದೆ. ಹೈದರಾಬಾದು ಸಂಸ್ಥಾನದ ವಿಮೋಚನೆಯ ನಾಯಕರೆಂದು ನಾವೆಲ್ಲ ಕೇಳಿರುವ ಸ್ವಾಮಿ ರಾಮಾನಂದ ತೀರ್ಥರ ಬದುಕಿನಲ್ಲಿ ಈ ತೀರ್ಮಾನವೇ ಮುಂದಿನ ಎಲ್ಲಕ್ಕೂ ಬುನಾದಿಯಾಯಿತು.

ಅವರ ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. 1903ರ ಅಕ್ಟೋಬರ್ 3ರಂದು ಸಿಂದಗಿಯಲ್ಲಿ, ಅಂದರೆ ಕನ್ನಡದ ನೆಲದಲ್ಲಿ ಹುಟ್ಟಿದವರು. ಸೊಲ್ಲಾಪುರದಲ್ಲಿ ಓದುತ್ತಿದ್ದಾಗಲೇ ಅಸಹಕಾರದ ಗಾಳಿ ಬೀಸಿತು. 1920ರ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ತೀರಿಕೊಂಡಾಗ, ಬಾಳೆಲ್ಲ ಬ್ರಹ್ಮಚಾರಿಯಾಗಿದ್ದು ದೇಶಸೇವೆ ಮಾಡುವೆನೆಂದು ಈ ಹದಿನಾರರ ಹುಡುಗ ವ್ರತ ತೊಟ್ಟ. ಸರಕಾರಿ ಶಾಲೆ ಬಿಟ್ಟು ರಾಷ್ಟ್ರೀಯ ಶಿಕ್ಷಣದ ಹಾದಿ ಹಿಡಿದು ಪುಣೆಯ ತಿಲಕ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಓದು ಮುಗಿಸಿದರು. ಅನಂತರ ಕಾರ್ಮಿಕ ಮುಂದಾಳು ಎನ್. ಎಂ. ಜೋಶಿಯವರ ಕಾರ್ಯದರ್ಶಿಯಾಗಿ ದುಡಿದರು. ದೊಡ್ಡ ಪಟ್ಟಣಗಳ ಬಾಗಿಲು ಅವರಿಗೆ ತೆರೆದಿತ್ತು.

ಆದರೂ 1929ರ ಹೊತ್ತಿಗೆ ಅವರು ಬಂದು ನೆಲೆಸಿದ್ದು ಉಮರ್ಗಾ ಕಡೆಯ ಹಿಪ್ಪರಗಾ ಎಂಬ ಹಳ್ಳಿಯಲ್ಲಿ. ಉಮರ್ಗಾ, ನಿಲಂಗಾ, ಉದಗೀರ ಎಂದರೆ ಬಾಲಾಘಾಟದ ಬಯಲು. ಕಪ್ಪು ಮಣ್ಣು, ಜೋಳ, ತೊಗರಿ. ಮಳೆ ಕೈಕೊಟ್ಟರೆ ಬರ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ಸಿಕ್ಕುವ ಸೀಮೆ ಇದು. ಬಸವಕಲ್ಯಾಣ ಇಲ್ಲಿಗೆ ದೂರವಲ್ಲ. ಆಗ ಇದೆಲ್ಲ ನಿಜಾಮರ ರಾಜ್ಯ. ಮನೆಯಲ್ಲಿ ಮರಾಠಿಯೋ ಕನ್ನಡವೋ ತೆಲುಗೋ ಆಡುವ ಮಕ್ಕಳು ಮೇಲಿನ ತರಗತಿಗೆ ಹೋದರೆ ಉರ್ದುವಿನಲ್ಲೇ ಕಲಿಯಬೇಕು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಭಾಷೆಯೂ ಉರ್ದುವೇ. ಉರ್ದು ಸಂಪನ್ನ ಭಾಷೆ, ಅದರ ಮೇಲೆ ಯಾರಿಗೂ ಹಗೆಯಿರಲಿಲ್ಲ. ತಾಯ್ನುಡಿಯಲ್ಲಿ ಕಲಿಯುವ ಬಾಗಿಲು ಮುಚ್ಚಿದ್ದೇ ಜನರ ಸಂಕಟ. ಅಲ್ಪಸಂಖ್ಯಾತರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿಪ್ಪರಗಾದಲ್ಲಿ 1921ರಲ್ಲೇ ಒಂದು ರಾಷ್ಟ್ರೀಯ ಶಾಲೆ ಹುಟ್ಟಿತ್ತು. ಸರಕಾರದ ಹಣಕ್ಕೆ ಕೈಯೊಡ್ಡದೆ, ಗುರುಕುಲದಂತೆ ಗುರುಶಿಷ್ಯರು ಒಟ್ಟಿಗೆ ಬಾಳುತ್ತ ಕಲಿಯುವ ಶಾಲೆ. ಖೇಡಗೀಕರರು ಅಲ್ಲಿ ಮುಖ್ಯೋಪಾಧ್ಯಾಯರಾದರು. ಅಲ್ಲಿದ್ದಾಗಲೇ, ಮೂವತ್ತು ತುಂಬುವ ಮೊದಲೇ ಸಂನ್ಯಾಸ ಸ್ವೀಕರಿಸಿ ರಾಮಾನಂದ ತೀರ್ಥರೆನಿಸಿದರು. ಕಾವಿ ಉಟ್ಟವರು ಮಠಕ್ಕೋ ಹಿಮಾಲಯಕ್ಕೋ ಹೋಗುವುದು ವಾಡಿಕೆ. ಇವರು ಮರುದಿನವೂ ಅದೇ ಮಕ್ಕಳ ನಡುವೆಯೇ ಇದ್ದರು.

ಇಲ್ಲಿ ನಾವು ನಮ್ಮ ಮಂಗಳೂರಿನವರೇ ಆದ ಇನ್ನೊಬ್ಬರನ್ನು ನೆನೆಯಬೇಕು. 1891ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಪಂಡಿತ ತಾರಾನಾಥರು ಅದೇ ನಿಜಾಮ ರಾಜ್ಯದ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಸರಕಾರದ ಕೆಂಗಣ್ಣು ಬಿದ್ದಾಗ ಅವರು ತುಂಗಭದ್ರಾ ನದಿಯನ್ನು ದಾಟಿ, ಮದರಾಸು ಪ್ರಾಂತಕ್ಕೆ ಸೇರಿದ ದಡದಲ್ಲಿ ಪ್ರೇಮಾಯತನವೆಂಬ ಆಶ್ರಮ ಹೂಡಿದರು. ಹೊಳೆಯ ಆಚೆ ನಿಜಾಮರ ಪೋಲೀಸರು, ಈಚೆ ಆಶ್ರಮ. ಬೇಕಾದವರು ಹೊಳೆ ದಾಟಿ ಬರಬಹುದು, ಆಶ್ರಮಕ್ಕೆ ಮಾತ್ರ ನಿಜಾಮರ ಅಂಕೆಯಿಲ್ಲ. ರಾಮಾನಂದ ತೀರ್ಥರ ತೀರ್ಮಾನ ಇದಕ್ಕೆ ತದ್ವಿರುದ್ಧ. ಸೊಲ್ಲಾಪುರ ಬ್ರಿಟಿಷರ ಕೈಯಲ್ಲಿತ್ತು, ಅಲ್ಲಿ ಅವರಿಗೆ ಪರಿಚಯವೂ ಇತ್ತು. ಆದರೂ ಗಡಿಯ ಒಳಗೇ, ತೊಂದರೆಯ ನಡುವೆಯೇ ನಿಂತರು. ಒಂದು ಸರಿ, ಇನ್ನೊಂದು ತಪ್ಪು ಎಂದು ನಾವು ಹೇಳುವಂತಿಲ್ಲ. ಹೊರಗೆ ನಿಂತವರಿಗೆ ಸ್ವಾತಂತ್ರ್ಯ ಹೆಚ್ಚು. ಒಳಗೆ ನಿಂತವರಿಗೆ ಜನ ಹತ್ತಿರ.

1935ರಲ್ಲಿ ಸ್ವಾಮೀಜಿ ಹಿಪ್ಪರಗಾ ಬಿಟ್ಟು, ಬಾಬಾಸಾಹೇಬ ಪರಾಂಜಪೆ ಮೊದಲಾದ ಸಂಗಡಿಗರೊಂದಿಗೆ ಅಂಬಾಜೋಗಾಯಿಗೆ ಹೋದರು. ಆದಿಕವಿ ಮುಕುಂದರಾಜರ ಸಮಾಧಿಯಿರುವ ಆ ಊರಿನಲ್ಲಿ ಯೋಗೇಶ್ವರಿ ನೂತನ ವಿದ್ಯಾಲಯವನ್ನು ಬೆಳೆಸಿದರು. ಜಾಗ ಬದಲಾಯಿತು, ಗಡಿಯ ಒಳಗೇ ಇರುವ ನಿಶ್ಚಯ ಬದಲಾಗಲಿಲ್ಲ.

ಶಾಲೆಯ ಕೆಲಸ ಅಲ್ಲಿಂದ ರಾಜಕೀಯಕ್ಕೆ ಹರಿಯಿತು. 1938ರಲ್ಲಿ ಹೈದರಾಬಾದು ಸ್ಟೇಟ್ ಕಾಂಗ್ರೆಸನ್ನು ಹುಟ್ಟುವ ಮೊದಲೇ ಸರಕಾರ ನಿಷೇಧಿಸಿದಾಗ, ಸತ್ಯಾಗ್ರಹ ಹೂಡಿ ಸೆರೆಮನೆ ಸೇರಿದವರಲ್ಲಿ ಸ್ವಾಮೀಜಿಯೂ ಒಬ್ಬರು. 1946ರಲ್ಲಿ ನಿಷೇಧ ತೆರವಾದಾಗ ಅವರೇ ಅಧ್ಯಕ್ಷರಾದರು. 1947ರಲ್ಲಿ ಭಾರತ ಸ್ವತಂತ್ರವಾದಾಗ ಹೈದರಾಬಾದಿನಲ್ಲಿ ತ್ರಿವರ್ಣ ಧ್ವಜ ಎತ್ತಿ ಮತ್ತೆ ಬಂಧಿತರಾದರು. ಆ ವರ್ಷ ಹೋರಾಟಗಾರರು ಗಡಿಯ ಹೊರಗೂ ನೆಲೆ ಹುಡುಕಬೇಕಾಯಿತು. ಮರಾಠಿಗರಿಗೆ ಸೊಲ್ಲಾಪುರದ ಕಡೆ, ಕನ್ನಡಿಗರಿಗೆ ಗದಗ, ಮುಂಡರಗಿಯ ಕಡೆ ಶಿಬಿರಗಳು ಎದ್ದವು. ತಾರಾನಾಥರು 1942ರಲ್ಲೇ ತೀರಿಕೊಂಡಿದ್ದರು, ಆದರೆ ಅವರು ತೋರಿದ ಹಾದಿಯೂ ಹೀಗೆ ಉಪಯೋಗಕ್ಕೆ ಬಂತು. 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದಾಗ ಸ್ವಾಮೀಜಿ ಸೆರೆಯಿಂದ ಹೊರಬಂದರು.

ಮುಂದಿನದು ನಮ್ಮನ್ನು ಹೆಚ್ಚು ತಟ್ಟುವ ಕತೆ. 1952ರಲ್ಲಿ ಕನ್ನಡದ ಗುಲಬರ್ಗಾ ಅವರನ್ನು ಲೋಕಸಭೆಗೆ ಕಳುಹಿಸಿತು. 1957ರಲ್ಲಿ ಮರಾಠಿಯ ಔರಂಗಾಬಾದು ಕಳುಹಿಸಿತು. ತಾವೇ ಹೋರಾಡಿ ಬಿಡಿಸಿದ ಸಂಸ್ಥಾನವನ್ನು ಭಾಷೆಗಳಿಗನುಗುಣವಾಗಿ ಹಂಚಿಬಿಡಬೇಕೆಂದು ಅವರೇ ವಾದಿಸಿದರು. ತಾಯ್ನುಡಿಯ ಶಾಲೆಗಾಗಿ ಬದುಕು ತೆತ್ತವರಿಗೆ ಬೇರೆ ನಿಲುವು ಸಾಧ್ಯವಿರಲಿಲ್ಲವೇನೋ. 1956ರ ನವೆಂಬರ್ 1ರಂದು ಹಂಚಿಕೆಯಾಯಿತು. ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಉಸ್ಮಾನಾಬಾದು ಜಿಲ್ಲೆಯ ಉಮರ್ಗಾವೂ ಮುಂಬಯಿಗೇ ಹೋಯಿತು. ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದೂ ಅದೇ ದಿನ. ಆ ಗಡಿಯಲ್ಲಿ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳೂ ಇಲ್ಲಿಯ ನಾವೂ ಒಂದೇ ರಾತ್ರಿಯಲ್ಲಿ ಅಲ್ಪಸಂಖ್ಯಾತರಾದೆವು. ಗೆರೆ ಎಷ್ಟು ಎಚ್ಚರದಿಂದ ಎಳೆದರೂ ಅದರ ಆಚೆಗೆ ಯಾರೋ ಉಳಿದೇ ಉಳಿಯುತ್ತಾರೆ.

ಸ್ವಾಮೀಜಿ 1972ರ ಜನವರಿ 22ರಂದು ತೀರಿಕೊಂಡರು. ನಾಂದೇಡದಲ್ಲಿ 1994ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ಆದರೆ ವಿಶ್ವವಿದ್ಯಾಲಯಕ್ಕಿಂತ ಹಿಪ್ಪರಗಾದ ಆ ಹಳ್ಳಿಶಾಲೆಯೇ ನಮಗೆ ಹತ್ತಿರ. ಗಡಿಯಲ್ಲಿರುವ ಕನ್ನಡಿಗರು ಮಕ್ಕಳ ಓದಿಗಾಗಿ ಊರು ಬಿಡಬೇಕೇ, ಇಲ್ಲೇ ನಿಂತು ಶಾಲೆ ಉಳಿಸಿಕೊಳ್ಳಬೇಕೇ ಎಂಬ ಮಾತು ನಮ್ಮ ಮನೆಗಳಲ್ಲಿ ಬರುತ್ತಲೇ ಇರುತ್ತದೆ. ಹೋದವರನ್ನು ನಾವು ದೂರುವುದಿಲ್ಲ. ಇಲ್ಲೇ ನಿಲ್ಲುವೆವೆನ್ನುವವರು ಮಾತ್ರ ಸರಕಾರದ ದಾರಿ ಕಾಯದೆ, ತಮ್ಮ ಕೈಲಾದುದನ್ನು ಕೂಡಿಸಿ ಶಾಲೆಯ ಬೆನ್ನಿಗೆ ನಿಲ್ಲಬೇಕಾಗುತ್ತದೆ. ಹಿಪ್ಪರಗಾದವರು ಅಷ್ಟು ಮಾಡಿದ್ದರು.