ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು

ಹೊನ್ನಾವರದಿಂದ ಕುಮಟೆಗೆ ಹೋಗುವ ದಾರಿಯಲ್ಲಿ, ಬಡಗಣಿ ಹೊಳೆಯ ಸಮೀಪದಲ್ಲಿ, ಕರ್ಕಿ ಎಂಬ ಊರು ಉಂಟು. ಈಗಿನ ಬಸ್ಸುಗಳು ಅದನ್ನು ಕೆಲವು ನಿಮಿಷಗಳಲ್ಲಿ ದಾಟಿ ಹೋಗುವದರಿಂದ ಪ್ರಯಾಣಿಕರಲ್ಲಿ ಅನೇಕರು ಅದರ ಹೆಸರನ್ನು ಸಹ ಲಕ್ಷಿಸುವದಿಲ್ಲ. ಆದರೆ ಜನರ ಮನೆಯೊಳಗಣ ಬಾಳನ್ನೇ ವಿಷಯವಾಗಿ ತೆಗೆದುಕೊಂಡ ಕನ್ನಡದ ಮೊದಲನೆಯ ಸಾಮಾಜಿಕ ನಾಟಕವನ್ನು ಬರೆದ ಸೂರಿ ವೆಂಕಟರಮಣ ಶಾಸ್ತ್ರಿಗಳು ಈ ಊರಿನವರೇ. ಅವರು ಹವ್ಯಕ ಬ್ರಾಹ್ಮಣರು. ನಮ್ಮ ಸಭೆಗಳಿಗೆ ಸೇರಿದವರಲ್ಲ. ಹಾಗಿದ್ದರೂ ಅವರ ಚರಿತ್ರೆಯನ್ನು ವಾಚಕರ ಮುಂದೆ ಇಡುವದಕ್ಕೆ ಕಾರಣವುಂಟು. ಒಂದು ಕೆಟ್ಟ ವಾಡಿಕೆಯು ಹೇಗೆ ಗೌರವದ ಉಡುಪು ತೊಟ್ಟು ಊರ ಪದ್ಧತಿಯಾಗಿ ಕೂತುಬಿಡುತ್ತದೆಂಬದನ್ನು ಅವರು ಕಂಡರು. ಕಂಡದ್ದನ್ನು ತಮ್ಮ ಸ್ವಂತ ಜನರ ಎದುರಿನಲ್ಲಿಯೇ ಹೇಳಿದರು.

ಶಾಸ್ತ್ರಿಗಳು ಹುಟ್ಟಿದ್ದು 1852ರಲ್ಲಿ. ಆಗ ಭಟ್ಕಳ, ಹೊನ್ನಾವರ, ಕುಮಟೆಗಳೆಲ್ಲಾ ಮದ್ರಾಸ್ ಆಧಿಪತ್ಯದಲ್ಲಿದ್ದವು. ಅವರಿಗೆ ಹತ್ತು ವರ್ಷ ತುಂಬುವಷ್ಟರಲ್ಲಿ, ಅಂದರೆ 1862ರಲ್ಲಿ, ಉತ್ತರ ಕನ್ನಡ ಜಿಲ್ಲೆಯನ್ನು ಬೊಂಬಾಯಿ ಆಧಿಪತ್ಯಕ್ಕೆ ಸೇರಿಸಿದರು. ಅದರಿಂದ ಈ ಕರಾವಳಿಯವರ ಮುಖವು ಉತ್ತರಕ್ಕೆ ತಿರುಗಿತು. ಅಮೇರಿಕದ ಅಂತರ್ಯುದ್ಧದ ದೆಸೆಯಿಂದ ಅರಳೆಗೆ ಬೆಲೆ ಏರಿದ ಆ ವರ್ಷಗಳಲ್ಲಿ ಕುಮಟೆಯ ಬಂದರದಿಂದ ಅರಳೆಯ ಮೂಟೆಗಳು ಬೊಂಬಾಯಿಗೆ ರಾಶಿರಾಶಿಯಾಗಿ ಹೋಗುತ್ತಿದ್ದವು. ಕೆಲಸವನ್ನೂ ವಿದ್ಯೆಯನ್ನೂ ಹುಡುಕುವ ಯೌವನಸ್ಥರು ಸಹ ಅದೇ ಸಮುದ್ರದ ದಾರಿಯನ್ನು ಹಿಡಿದರು. ಶಾಸ್ತ್ರಿಗಳೂ ಬೊಂಬಾಯಿಗೆ ಹೋಗಿ ಅಲ್ಲಿಯ ಅಚ್ಚುಕೂಟ ಮತ್ತು ಪತ್ರಿಕೆಗಳ ಲೋಕವನ್ನು ಕಂಡರು. ತಮ್ಮ ಜನರ ತಿಳುವಳಿಕೆಗಾಗಿ ಹವ್ಯಕ ಸುಬೋಧ ಎಂಬ ಪತ್ರಿಕೆಯನ್ನು ಸಹ ನಡಿಸಿದರು.

ಅವರ ಊರಿಗೆ ಆಟದ ಕಲೆಯು ಹೊಸದಾಗಿರಲಿಲ್ಲ. ಕರ್ಕಿಯ ಯಕ್ಷಗಾನದವರು ಬಹು ಹಿಂದಿನಿಂದ ಹೆಸರಾದವರು. ಉತ್ತರ ಕನ್ನಡದ ಒಂದು ಮೇಳದ ಆಟವನ್ನು ನೋಡಿದ ಸಾಂಗಲಿಯ ಅರಸರು ತಮ್ಮಲ್ಲಿಯೂ ಅಂಥಾದ್ದು ಆಗಬೇಕೆಂದು ಬಯಸಲಾಗಿ, 1843ರಲ್ಲಿ ವಿಷ್ಣುದಾಸ ಭಾವೆಯವರು ಮರಾಠಿಯಲ್ಲಿ ಸೀತಾಸ್ವಯಂವರವನ್ನು ಆಡಿಸಿದರು. ಆ ಮೇಳವು ಕರ್ಕಿಯದ್ದೇ ಎಂದು ನಮ್ಮ ಪಂಡಿತರಲ್ಲಿ ಅನೇಕರ ಅಭಿಪ್ರಾಯ. ಆದರೆ ಆ ಆಟಗಳಲ್ಲಿ ಬರುವವರು ದೇವತೆಗಳು, ರಾಜರು, ರಾಕ್ಷಸರು. ನೆರೆಮನೆಯ ಹೆಗಡೆಯು ರಂಗಕ್ಕೆ ಬಂದದ್ದಿಲ್ಲ.

ಇನ್ನು ಆ ಕಾಲದ ವಾಡಿಕೆ ಏನೆಂಬದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಡಿಕೆ ತೋಟವಿದ್ದ ಮುದುಕನ ಹೆಂಡತಿ ಸತ್ತರೆ ಅವನು ಎರಡನೇ ಸಾರಿ, ಮೂರನೇ ಸಾರಿ ಮದುವೆಯಾಗಬಹುದಿತ್ತು. ಗಂಡ ಸತ್ತ ಹೆಣ್ಣಿಗಾದರೋ ಮರುಮದುವೆ ಇರಲಿಲ್ಲ. 1856ರ ಕಾಯಿದೆಯು ವಿಧವೆಯ ಮದುವೆಗೆ ಅನುಮತಿ ಕೊಟ್ಟಿದ್ದರೂ ಊರು ಕೊಡಲಿಲ್ಲ. ಹೆಣ್ಣು ಋತುಮತಿಯಾಗುವ ಮೊದಲೇ ಅವಳ ಮದುವೆಯಾಗಬೇಕೆಂಬ ಕಟ್ಟಳೆಯೂ ಬ್ರಾಹ್ಮಣರಲ್ಲಿ ಇತ್ತು. ಹೀಗಿರಲಾಗಿ ಮುದುಕನಿಗೆ ಸಿಕ್ಕುವದು ಮಗುವೇ. ಹೆಣ್ಣುಮಕ್ಕಳು ಸಾಲದೆ ಹೋದಾಗ ಬೆಲೆ ಹುಟ್ಟಿತು. ಸಾಲದಲ್ಲಿ ಮುಳುಗಿದ ತಂದೆಯು ಹಣ ಕೊಟ್ಟವನಿಗೆ ಮಗಳನ್ನು ಧಾರೆ ಎರೆದನು. ಆ ಹಣದಿಂದ ಸಾಲ ತೀರಿಸಿದನು, ಇಲ್ಲವೆ ತನ್ನ ಮಗನಿಗೆ ಬೇರೊಬ್ಬರ ಮಗಳನ್ನು ತಂದನು. ಹೀಗೆ ಒಂದು ಮನೆಯವರು ತೆಗೆದುಕೊಂಡದ್ದರಿಂದ ಇನ್ನೊಂದು ಮನೆಯವರೂ ತೆಗೆದುಕೊಳ್ಳಬೇಕಾಯಿತು. ನಾನೊಬ್ಬನೇ ಬಿಟ್ಟರೆ ನನ್ನ ಮಗನಿಗೆ ಹೆಣ್ಣಿಲ್ಲವೆಂದು ಪ್ರತಿಯೊಬ್ಬನು ಹೇಳಿಕೊಳ್ಳುವದಕ್ಕೆ ಆಸ್ಪದವಾಯಿತು.

ಇದೆಲ್ಲಾ ಶಾಸ್ತ್ರದ ಹೆಸರಿನಲ್ಲಿ ನಡೆಯಿತೆಂಬದೇ ವಿಚಿತ್ರ. ಕನ್ಯೆಯ ತಂದೆಯು ಸ್ವಲ್ಪವಾದರೂ ಶುಲ್ಕ ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಅದು ಸಂತಾನವನ್ನು ಮಾರಿದ ಹಾಗೆ, ಎಂದು ಮನುಸ್ಮೃತಿಯ ಮೂರನೇ ಅಧ್ಯಾಯವೇ ವಿಧಿಸುತ್ತದೆ. ಓದಿದ ವೈದಿಕರಿಗೆ ಇದು ತಿಳಿಯದ ಸಂಗತಿಯಲ್ಲ. ಆದರೆ ಪುರೋಹಿತನಿಗೆ ದಕ್ಷಿಣೆ, ಸಂಬಂಧ ಕೂಡಿಸಿದವನಿಗೆ ಅವನ ಪಾಲು, ಸಾಲ ಕೊಟ್ಟವನಿಗೆ ಬಡ್ಡಿ ಸಹಿತ ಅಸಲು, ಊರವರಿಗೆ ಚಪ್ಪರದ ಊಟ. ಎಲ್ಲರ ಕೈಗೂ ಒಂದೊಂದು ತುಂಡು ಬಂದ ಮೇಲೆ ಬೇಡವೆನ್ನುವವರು ಯಾರು? ಚಪ್ಪರದಲ್ಲಿ ಏನೂ ದೊರಕದವಳು ಎಂಟೋ ಹತ್ತೋ ವರ್ಷದ ಆ ಹುಡುಗಿ ಮಾತ್ರ. ಮುದುಕನು ಸತ್ತ ಬಳಿಕ ತಲೆ ಬೋಳಿಸಿಕೊಂಡು ಅಡಿಗೆಮನೆಯ ಮೂಲೆಯಲ್ಲಿ ಬಾಳು ಸವೆಸಬೇಕಾದವಳೂ ಅವಳೇ.

ಇದನ್ನು ಓದಿ ಬ್ರಾಹ್ಮಣರನ್ನು ಮಾತ್ರ ದೂರುವದು ನ್ಯಾಯವಲ್ಲ. ತೆರವೆಂಬ ಹೆಸರಿನಿಂದ ಹೆಣ್ಣಿಗೆ ಹಣ ಕೊಡುವ ಪದ್ಧತಿಯು ಬೇರೆ ಅನೇಕ ಜಾತಿಗಳಲ್ಲಿ ಇತ್ತು. ನಮ್ಮ ಹಿರಿಯರು ಬಿಟ್ಟು ಬಂದ ಕುಲಗಳಲ್ಲಿಯೂ ಇತ್ತು.

1887ರಲ್ಲಿ ಶಾಸ್ತ್ರಿಗಳ ನಾಟಕವು ಹೊರಟಿತು. ಅದರ ಹೆಸರು ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ. ಕನ್ಯಾವಿಕ್ರಯದ ಪರಿಣಾಮವು ಎಂದು ಇನ್ನೊಂದು ಹೆಸರು. ಹಣದ ಬಲದಿಂದ ಎಳೆಯ ಕನ್ಯೆಯನ್ನು ತರುವ ಮುದುಕ ಇಗ್ಗಪ್ಪ ಹೆಗಡೆಯೇ ಅದರ ಮುಖ್ಯ ಪಾತ್ರ. ಈ ವಿಷಯದಲ್ಲಿ ಉಪದೇಶದ ಗ್ರಂಥವನ್ನು ಯಾರಾದರೂ ಬರೆಯಬಹುದಿತ್ತು. ಶಾಸ್ತ್ರಿಗಳು ಹವ್ಯಕರು ಮನೆಯಲ್ಲಿ ಆಡುವ ಮಾತನ್ನೇ ಪಾತ್ರಗಳ ಬಾಯಲ್ಲಿ ಇಟ್ಟರು, ಮತ್ತು ನಗೆಯ ರೂಪದಲ್ಲಿ ಇಟ್ಟರು. ಅವರ ಹೆಚ್ಚಿನ ಧೈರ್ಯವು ಇದರಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಯಾಕಂದರೆ ಗ್ರಂಥದ ಕನ್ನಡದಲ್ಲಿ ಬರೆದ ಪಾಪವನ್ನು ಓದುವವನು ಅದು ಇನ್ನಾರದೋ ಎಂದು ಪುಟ ತಿರುವಿಬಿಡಬಹುದು. ತನ್ನ ಜಗಲಿಯ ಮೇಲಣ ಮಾತನ್ನೇ ಕೇಳಿದವನು ಎಲ್ಲಿಗೆ ತಪ್ಪಿಸಿಕೊಂಡಾನು? ತನ್ನ ಕುಲದವರ ಹುಣ್ಣನ್ನು ಅಚ್ಚು ಹಾಕಿಸಿದವನನ್ನು ಕುಲದವರು ಪ್ರೀತಿಸುವದು ಸುಲಭವಲ್ಲ. ಇದು ಗೊತ್ತಿದ್ದೂ ಅವರು ಬರೆದರು.

ಅದೇ ಕಾಲದಲ್ಲಿ ಬೊಂಬಾಯಿಯಲ್ಲಿ ಈ ವಿಷಯದ ಚರ್ಚೆ ಬಹು ಜೋರಾಗಿತ್ತು. ಬೆಹರಾಮಜಿ ಮಲಬಾರಿಯವರು 1884ರಲ್ಲಿಯೇ ಬಾಲ್ಯವಿವಾಹ ಮತ್ತು ಬಲಾತ್ಕಾರದ ವೈಧವ್ಯವನ್ನು ಖಂಡಿಸಿ ಬರೆದಿದ್ದರು. ಹನ್ನೊಂದನೇ ವಯಸ್ಸಿನಲ್ಲಿ ಮದುವೆ ಮಾಡಲ್ಪಟ್ಟ ರಖಮಾಬಾಯಿಯು ಗಂಡನ ಮನೆಗೆ ಹೋಗಲೊಲ್ಲೆನೆನ್ನಲು, ಹೋಗದಿದ್ದರೆ ಆರು ತಿಂಗಳ ಸೆರೆಮನೆ ಎಂದು ಅಲ್ಲಿಯ ಹೈಕೋರ್ಟು 1887ರಲ್ಲಿ ಆಜ್ಞೆ ಕೊಟ್ಟಿತು. ಇಗ್ಗಪ್ಪ ಹೆಗಡೆಯ ಪುಸ್ತಕವು ಬಂದದ್ದು ಅದೇ ವರ್ಷದಲ್ಲಿ.

ಶಾಸ್ತ್ರಿಗಳ ಆಯುಷ್ಯವು ದೀರ್ಘವಾಗಲಿಲ್ಲ. 1891ರಲ್ಲಿ ಸರಕಾರದವರು ಗಂಡನು ಹೆಂಡತಿಯನ್ನು ಕೂಡುವ ವಯಸ್ಸಿನ ಮಿತಿಯನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದರು. ಇದಕ್ಕೇ ದೇಶದಲ್ಲೆಲ್ಲಾ ಬೊಬ್ಬೆ ಎದ್ದಿತು. ಮಾರನೇ ವರ್ಷ, 1892ರಲ್ಲಿ, ನಾಲ್ವತ್ತು ವರ್ಷ ಪ್ರಾಯದ ಶಾಸ್ತ್ರಿಗಳು ತೀರಿಹೋದರು. ಅದೇ ವರ್ಷ ತೆಲುಗು ದೇಶದ ವಿಜಯನಗರದಲ್ಲಿ ಗುರಜಾಡ ಅಪ್ಪಾರಾಯರ ಕನ್ಯಾಶುಲ್ಕವು ಮೊದಲನೆಯ ಸಾರಿ ಆಡಲ್ಪಟ್ಟಿತು. 1899ರಲ್ಲಿ ದೇವಲರ ಶಾರದಾ ನಾಟಕವು ಮರಾಠಿಯಲ್ಲಿ ಬಂತು. ಅದರಲ್ಲಿಯೂ ಮುದುಕ ವರನೇ. ಆ ವರ್ಷದಲ್ಲಿಯೇ ಗುಲ್ವಾಡಿ ವೆಂಕಟರಾಯರು ವಿಧವೆಯೊಬ್ಬಳ ಮರುಮದುವೆಯನ್ನು ಕುರಿತು ಬರೆದ ಇಂದಿರಾಬಾಯಿ ಎಂಬ ಕಾದಂಬರಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಅಚ್ಚು ಹಾಕಿದರು. ಇವೆಲ್ಲವುಗಳಿಗಿಂತ ಮುಂಚೆ ಕರ್ಕಿಯವರ ಪುಸ್ತಕ ಬಂದಿತ್ತು. ಆದರೂ ತೆಲುಗರು ಅಪ್ಪಾರಾಯರನ್ನು ನೆನಸುವಷ್ಟು ನಾವು ಶಾಸ್ತ್ರಿಗಳನ್ನು ನೆನಸಲಿಲ್ಲ. ಈ ಮಾತಿಗೆ ಯಾರಾದರೂ ಬೇಸರಪಟ್ಟರೂ ನಾವು ಹೇಳದೆ ಇರಲಾರೆವು.

ಹೆಣ್ಣಿನ ಮದುವೆಗೆ ಹದಿನಾಲ್ಕು ವರ್ಷವಾದರೂ ಆಗಬೇಕೆಂಬ ಶಾರದಾ ಕಾಯಿದೆಯು 1929ರಲ್ಲಿ ಆಯಿತು. 1978ರಲ್ಲಿ ಅದು ಹದಿನೆಂಟಕ್ಕೆ ಏರಿತು. ಅಷ್ಟರಲ್ಲಿ ಹಣವು ನಡೆಯುವ ದಿಕ್ಕೇ ಬದಲಾಗಿತ್ತು. ಹೆಣ್ಣಿನ ತಂದೆಗೆ ಕೊಡುವದು ಕಡಿಮೆಯಾದ ಹಾಗೆ ಗಂಡಿನ ತಂದೆಯು ಕೇಳುವದು ಹೆಚ್ಚಿತು. 1961ರಲ್ಲಿ ವರದಕ್ಷಿಣೆಯನ್ನು ನಿಷೇಧಿಸುವ ಕಾಯಿದೆಯು ಬಂದರೂ, ಭಟ್ಕಳದಿಂದ ಕುಮಟೆಯ ವರೆಗೆ ಮಾತ್ರವಲ್ಲ, ದೇಶದಲ್ಲೆಲ್ಲಾ, ಕ್ರೈಸ್ತ ಮನೆಗಳನ್ನೂ ಬಿಡದೆ, ಆ ಹಣವು ಉಡುಗೊರೆ ಎಂಬ ಹೆಸರಿನಿಂದ ಕೈ ದಾಟುತ್ತಲೇ ಇದೆ. ಅದಕ್ಕೂ ಮಧ್ಯಸ್ಥರು ಇದ್ದಾರೆ, ಸಾಲ ಕೊಡುವವರು ಇದ್ದಾರೆ, ಊಟಕ್ಕೆ ಬರುವವರು ಇದ್ದಾರೆ.