ದೀನಬಂಧು ಆಂಡ್ರೂಸರ ಚರಿತ್ರೆ

ಮಳೆ ತಪ್ಪಿದ ವರುಷಗಳಲ್ಲಿ ಗುರುಗುಂಟಾ, ಲಿಂಗಸುಗೂರು ಸೀಮೆಯಿಂದ ಎಷ್ಟೋ ಕುಟುಂಬಗಳು ಗುಳೆ ಹೋಗುವದನ್ನು ನೀವು ಬಲ್ಲಿರಿ. ಗಂಡಾಳಿಗೆ ಮುಂಗಡದ ಸಾಲವೊಂದೇ ಭಾರವಾದರೆ ಹೆಣ್ಣಾಳಿಗೆ ಇನ್ನೊಂದು ಭಯವೂ ಉಂಟು. ಹಾಜರಿ ಬರೆಯುವವನು, ಕೆಲಸ ಹಂಚುವವನು ಕೆಟ್ಟ ಮನಸ್ಸಿನವನಾದರೆ ಆ ಪರಸ್ಥಳದಲ್ಲಿ ಆಕೆ ತನ್ನ ಕಷ್ಟವನ್ನು ಯಾರ ಮುಂದೆ ಹೇಳಿಕೊಂಡಾಳು? ಈ ಪ್ರಶ್ನೆಯನ್ನು ಹೊತ್ತುಕೊಂಡು ಸಮುದ್ರ ದಾಟಿದ ಒಬ್ಬ ಸತ್ಪುರುಷರ ಚರಿತ್ರೆಯನ್ನು ಇಲ್ಲಿ ಹೇಳುವೆವು.

ಚಾರ್ಲ್ಸ್ ಫ್ರೀಯರ್ ಆಂಡ್ರೂಸರು 1871ನೆಯ ಇಸವಿ ಫೆಬ್ರವರಿ 12ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ಹುಟ್ಟಿದರು. ಕೇಂಬ್ರಿಜಿನಲ್ಲಿ ಕಲಿತು, ಬೋಧಕರಾಗಿ ಅಭಿಷೇಕ ಹೊಂದಿ, 1904ರಲ್ಲಿ ದಿಲ್ಲಿಗೆ ಬಂದು ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಉಪಾಧ್ಯಾಯರಾದರು. 1914ರ ಆರಂಭದಲ್ಲಿ ತಮ್ಮ ಗೆಳೆಯರಾದ ಪಿಯರ್ಸನ್ನರೊಡನೆ ದಕ್ಷಿಣ ಆಫ್ರಿಕಕ್ಕೆ ಹೋಗಿ, ಅಲ್ಲಿಯ ಭಾರತೀಯರ ಹೋರಾಟದಲ್ಲಿ ಗಾಂಧಿಯವರಿಗೆ ನೆರವಾದರು. ತೋಟದಿಂದ ಓಡಿಬಂದು ಮೈಮೇಲೆ ಏಟಿನ ಗುರುತುಗಳನ್ನು ಹೊತ್ತಿದ್ದ ಒಬ್ಬ ಕೂಲಿಯನ್ನು ಅವರು ಅಲ್ಲಿ ಕಂಡರು. ಆ ಮುಖವು ಅವರ ಮನಸ್ಸಿನಿಂದ ಮತ್ತೆಂದೂ ಮರೆಯಾಗಲಿಲ್ಲ.

ಆ ಕಾಲದಲ್ಲಿ ಭಾರತದ ಬಡವರನ್ನು ಐದು ವರುಷಗಳ ಕರಾರಿನ ಮೇಲೆ ದೂರದ್ವೀಪಗಳ ಕಬ್ಬಿನ ತೋಟಗಳಿಗೆ ಸಾಗಿಸುತ್ತಿದ್ದರು. ಆ ಕರಾರಿಗೆ ಕೂಲಿಗಳು ಗಿರ್ಮಿಟ್ ಎಂದು ಹೆಸರಿಟ್ಟಿದ್ದರು. ಫಿಜಿ ದ್ವೀಪಗಳಿಗೆ ಮೊದಲನೆಯ ಹಡಗು 1879ರಲ್ಲಿ ಹೋಯಿತು. ಅಂದಿನಿಂದ 1916ರ ವರೆಗೆ ಅರುವತ್ತು ಸಾವಿರಕ್ಕೂ ಹೆಚ್ಚು ಜನರು ಹಾಗೆ ಹೋದರು. 1903ರಿಂದ ಮದ್ರಾಸಿನ ಬಂದರಿನಿಂದ ನಮ್ಮ ದಕ್ಷಿಣದವರೂ ಹಡಗು ಹತ್ತಿದರು. ನೂರು ಗಂಡಸರಿಗೆ ನಾಲ್ವತ್ತು ಮಂದಿ ಹೆಂಗಸರಿರಬೇಕೆಂಬ ನಿಯಮವಿದ್ದುದರಿಂದ ಜನ ಹಿಡಿಯುವ ದಳ್ಳಾಳಿಗೆ ಹೆಂಗಸಿನ ತಲೆಗೆ ಹೆಚ್ಚು ಹಣ ಸಿಕ್ಕುತ್ತಿತ್ತು. ಆದಕಾರಣ ಮೋಸಕ್ಕೆ ಮಿತಿಯಿರಲಿಲ್ಲ. ದಿನಗೂಲಿ ಗಂಡಸಿಗೆ ಒಂದು ಶಿಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್. ಕೆಲಸ ತಪ್ಪಿಸಿದವರಿಗೆ ಸೆರೆಮನೆ. ವಾಸಕ್ಕೆ ಹತ್ತು ಅಡಿ ಉದ್ದ, ಏಳು ಅಡಿ ಅಗಲದ ಕೋಣೆ. ನಡುವಣ ಗೋಡೆಗಳು ಮಾಡನ್ನು ಮುಟ್ಟುತ್ತಿರಲಿಲ್ಲ. ತೋಟದಲ್ಲಿ ಕೆಲಸ ಹಂಚುವವನೂ ದಂಡ ಹಾಕಿಸುವವನೂ ಒಬ್ಬನೇ ಮೇಲ್ವಿಚಾರಕನು. ಹೀಗೆ ಹೆಣ್ಣಾಳಿನ ಅನ್ನವೂ ಮಾನವೂ ಅವನ ಮುಷ್ಟಿಯಲ್ಲಿದ್ದವು.

1913ನೆಯ ಇಸವಿ ಏಪ್ರಿಲ್ 10ರಂದು ಫಿಜಿಯ ರೇವಾ ಸೀಮೆಯಲ್ಲಿ ಕುಂತಿಯೆಂಬ ಹೆಂಗಸನ್ನು ಮೇಲ್ವಿಚಾರಕನು ಜನರಿಂದ ದೂರವಾದ ಬಾಳೆಯ ತೋಟದಲ್ಲಿ ಕಳೆ ಕೀಳಲು ಒಬ್ಬಳನ್ನೇ ಕಳುಹಿಸಿದನು. ಆಕೆ ಗೋರಖಪುರ ಜಿಲ್ಲೆಯ ಬಡ ಚಮ್ಮಾರ ಕುಲದವಳು. ಅವನೂ ಅವನ ಸರದಾರನೂ ಅಲ್ಲಿಗೆ ಬಂದು ಆಕೆಯ ಮೇಲೆ ಬೀಳಲು, ಆಕೆ ಕೊಸರಿಕೊಂಡು ಓಡಿ ಹೊಳೆಗೆ ಹಾರಿದಳು. ದೋಣಿಯಲ್ಲಿದ್ದ ಒಬ್ಬ ಹುಡುಗನು ಆಕೆಯನ್ನು ಎತ್ತಿ ಉಳಿಸಿದನು. ತೋಟದಲ್ಲಿ ಆಕೆಗೆ ನ್ಯಾಯ ದೊರೆಯಲಿಲ್ಲ. ಆಗ ತೋತಾರಾಮ ಸನಾಢ್ಯರ ನೆರವಿನಿಂದ ಆಕೆಯ ಸಂಗತಿಯು ಕಾಗದಕ್ಕೆ ಬಂದು, ಅದೇ ವರುಷ ಕಲ್ಕತ್ತೆಯ ಭಾರತಮಿತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ದೇಶವು ತಲ್ಲಣಿಸಿತು. ಭಾರತ ಸರಕಾರವು ವಿಚಾರಣೆಯನ್ನು ಕೇಳಿದಾಗ ಫಿಜಿಯ ಅಧಿಕಾರಿಗಳು ಆಕೆಯ ಮಾತು ಸುಳ್ಳೆಂದು ಬರೆದು, ಆಕೆಯ ನಡತೆಯನ್ನೇ ಹಳಿದರು. ನೊಂದವಳನ್ನೇ ಅಪರಾಧಿಯಾಗಿ ಮಾಡುವ ಈ ಉಪಾಯವು ಬಹಳ ಹಳೆಯದು.

ಆಂಡ್ರೂಸರು 1915ರಲ್ಲಿ ಕಾಲರಾ ರೋಗದಿಂದ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದರು. ಆದರೂ ಅದೇ ವರುಷ ಪಿಯರ್ಸನ್ನರೊಡನೆ ಫಿಜಿಗೆ ಹೊರಟರು. ಅಲ್ಲಿ ತೋಟದಿಂದ ತೋಟಕ್ಕೆ ನಡೆದು, ಕೂಲಿಗಳ ಸಾಲುಮನೆಗಳನ್ನು ಹೊಕ್ಕು, ಯಜಮಾನರನ್ನೂ ಆಳುಗಳನ್ನೂ ವಿಚಾರಿಸಿದರು. 1916ರಲ್ಲಿ ಅವರು ಪ್ರಕಟಿಸಿದ ವರದಿಯು ಈ ಪದ್ಧತಿಯನ್ನು ತಿದ್ದುವದರಿಂದ ಪ್ರಯೋಜನವಿಲ್ಲ, ಬೇರುಸಹಿತ ಕಿತ್ತುಹಾಕಬೇಕೆಂದು ಸಾರಿತು. ಅದೇ ವರುಷ ಮಾರ್ಚಿಯಲ್ಲಿ ವೈಸರಾಯ್ ಹಾರ್ಡಿಂಜರು ಅದನ್ನು ನಿಲ್ಲಿಸುವೆವೆಂದು ಮಾತುಕೊಟ್ಟರು. ಆದರೆ ಇನ್ನೂ ಐದು ವರುಷ ಜನರನ್ನು ಕಳುಹಿಸುವ ಏರ್ಪಾಡು ಒಳಗಿಂದೊಳಗೆ ನಡೆದಿದೆಯೆಂದು ತಿಳಿದಾಗ ಆಂಡ್ರೂಸರು ಸುಮ್ಮನಿರಲಿಲ್ಲ. ಊರೂರು ತಿರುಗಿ ಜನರನ್ನು ಎಚ್ಚರಿಸಿದರು. 1917ರ ಜನವರಿಯಲ್ಲಿ ಸರೋಜಿನಿ ನಾಯ್ಡುರವರು ಅಲಹಾಬಾದಿನ ಸಭೆಯಲ್ಲಿ ತಮ್ಮ ಸಹೋದರಿಯರ ಮಾನಕ್ಕಾಗಿ ಮಾತಾಡಿದರು. ಆ ಮಾರ್ಚಿಯಲ್ಲಿ ಕೂಲಿಗಳನ್ನು ಹಡಗು ಹತ್ತಿಸುವದು ನಿಂತುಹೋಯಿತು. ಆಂಡ್ರೂಸರು ಎರಡನೆಯ ಸಾರಿ ಫಿಜಿಗೆ ಹೋದರು. ಉಳಿದಿದ್ದ ಕರಾರುಗಳೆಲ್ಲ 1920ನೆಯ ಇಸವಿ ಜನವರಿ 1ರಂದು ರದ್ದಾದವು.

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾಗದು. ಆ ಕಾಲದ ಬರವಣಿಗೆಯಲ್ಲಿ, ಆಂಡ್ರೂಸರ ವರದಿಯಲ್ಲಿಯೂ ಸಹ, ತೋಟದ ಹೆಂಗಸರು ನೀತಿಗೆಟ್ಟರೆಂಬ ಸಂತಾಪವು ಬಹಳವಾಗಿದೆ. ಅವರನ್ನು ಕೆಡಿಸಿದ ಅಧಿಕಾರದ ಮಾತು ಅದರ ಮುಂದೆ ಕಡಿಮೆ. ಹಳೆಯ ಕಾಗದಗಳನ್ನು ಶೋಧಿಸಿದ ಈಚಿನ ಚರಿತ್ರಕಾರರು ಈ ಕೊರತೆಯನ್ನು ತೋರಿಸಿಕೊಟ್ಟಿದ್ದಾರೆ. ಒಳ್ಳೆಯವರ ಕರುಣೆಯಲ್ಲಿಯೂ ನೊಂದವಳ ಮೇಲೆ ನಿಂದೆಯ ನೆರಳು ಬೀಳಬಹುದೆಂಬುದನ್ನು ನಾವು ಇದರಿಂದ ಕಲಿಯತಕ್ಕದ್ದು. ಕುಂತಿಯು ಕನಿಕರವನ್ನು ಬೇಡಲಿಲ್ಲ. ನಡೆದದ್ದನ್ನು ಹೇಳಿ ನ್ಯಾಯವನ್ನು ಕೇಳಿದಳು.

ಆಂಡ್ರೂಸರು ಸ್ವಂತ ಮನೆಮಠ ಮಾಡಿಕೊಳ್ಳದೆ, ಮದುವೆಯಾಗದೆ, ಶಾಂತಿನಿಕೇತನವನ್ನೇ ಆಶ್ರಯಿಸಿ, ಕೂಲಿಗಳಿಗಾಗಿ ದೇಶದೇಶಗಳನ್ನು ಸುತ್ತಿದರು. ಜನರು ಅವರನ್ನು ದೀನಬಂಧುವೆಂದು ಕರೆದರು. 1940ನೆಯ ಇಸವಿ ಏಪ್ರಿಲ್ 5ರಂದು ಅವರು ಕಲ್ಕತ್ತೆಯಲ್ಲಿ ನಿದ್ರೆಹೊಂದಿದರು.

ವಾಚಕರೇ, ಗಿರ್ಮಿಟ್ ಹೋಯಿತು. ಆದರೆ ಮುಂಗಡವೂ ಮೇಸ್ತ್ರಿಯೂ ಒಂಟಿ ತೋಟವೂ ಹೋಗಲಿಲ್ಲ. ಈಗ 2013ರ ಕಾನೂನು ಹೆಣ್ಣಾಳುಗಳ ಕೈಗೆ ಒಂದು ಆಧಾರವನ್ನು ಕೊಟ್ಟಿದೆ. ಹತ್ತು ಮಂದಿಯಾದರೂ ದುಡಿಯುವ ಸ್ಥಳದಲ್ಲಿ ದೂರು ಕೇಳುವ ಸಮಿತಿಯನ್ನು ಯಜಮಾನನೇ ನೇಮಿಸಬೇಕು. ಅದಕ್ಕಿಂತ ಕಡಿಮೆ ಜನರಿದ್ದಲ್ಲಿ, ಅಥವಾ ತಪ್ಪು ಮಾಡಿದವನು ಯಜಮಾನನೇ ಆದಲ್ಲಿ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಕೊಡತಕ್ಕದ್ದು. ಬರೆಯಲು ಬಾರದವಳಿಗೆ ಸಮಿತಿಯವರೇ ಬರೆಯಲು ನೆರವಾಗಬೇಕೆಂದು ಆ ಕಾನೂನು ಹೇಳುತ್ತದೆ.

ಗುಳೆಯಿಂದ ಹಿಂದಿರುಗಿದ ಅಕ್ಕತಂಗಿಯರು ಮಾತಾಡದೆ ಕುಳಿತರೆ ನೀನು ಅಲ್ಲಿಗೆ ಯಾಕೆ ಹೋದೆಯೆಂದು ಕೇಳಬೇಡಿರಿ. ಆಕೆಯ ಹತ್ತಿರ ಕುಳಿತು ಆಕೆ ಹೇಳುವದನ್ನು ಪೂರ್ಣವಾಗಿ ಕೇಳಿರಿ. ಆಕೆಗೆ ಇಷ್ಟವಿದ್ದರೆ ಕಾಗದವನ್ನು ಬರೆದುಕೊಡಿರಿ. ಒಬ್ಬ ಬಡ ಹೆಂಗಸಿನ ಒಂದು ಕಾಗದವು ಎಷ್ಟು ದೂರ ಹೋಗಬಲ್ಲದೆಂಬುದನ್ನು ಈ ಚರಿತ್ರೆಯಲ್ಲಿ ಕಂಡೆವು.